ಅರಿವೆಯಲ್ಲಿ ಏನೂ ಉಳಿಯದ ನೀರು

ನಮ್ಮ ಅತ್ತೆ ತೀರಿಕೊಂಡಾಗ ಇಚಲಕರಂಜಿಯ ನಮ್ಮ ಜೈನ ಮಂದಿಯೆಲ್ಲ ಅದನ್ನು ಸಮಾಧಿಮರಣ, ತಾವಾಗಿ ಅನ್ನನೀರು ಬಿಟ್ಟ ಪುಣ್ಯದ ಸಾವು, ಅಂದರು. ಕೂತ ಭಂಗಿಯಲ್ಲೇ ಹೊತ್ತು ಊರ ತುಂಬ ಮೆರವಣಿಗೆ ಮಾಡಿದರು. ಶಿರೋಳದಿಂದ ಬಂದ ಬೀಗರು ನನ್ನ ಕೈ ಹಿಡಿದುಕೊಂಡು, ಎಂಥ ಪುಣ್ಯವಂತೆಯ ಮನೆ ಸೇರಿದೆಯವ್ವಾ ಅಂದರು. ನಾನು ಹೂಂ ಅಂದೆ. ಅವತ್ತಿನಿಂದ ಇವತ್ತಿನವರೆಗೂ ಹೂಂ ಅನ್ನುತ್ತಲೇ ಬಂದಿದ್ದೇನೆ. ಈಗ ನನಗೂ ಅತ್ತೆಯ ಆಗಿನ ವಯಸ್ಸಾಗಿದೆ, ಇನ್ನು ಯಾರಿಗೆ ಅಂಜಬೇಕು? ಅತ್ತೆ ಸತ್ತದ್ದು ನೀರಿಲ್ಲದೆ. ಆ ಮನೆಯಲ್ಲಿ ನೀರಿನ ಕೆಲಸ ನನ್ನದಾಗಿತ್ತು.

ನನ್ನ ತವರು ಗಡಹಿಂಗ್ಲಜದ ಕಡೆ. ಹದಿನಾರನೆಯ ವರ್ಷಕ್ಕೆ ಲಗ್ನವಾಗಿ ಈ ಮನೆಗೆ ಬಂದೆ. ಬೇರೆ ಮನೆಗಳಲ್ಲಿ ಹೊಸ ಸೊಸೆಗೆ ಹೋಳಿಗೆ ಮಾಡಿಸಿ ಪರೀಕ್ಷೆ ಮಾಡುತ್ತಾರೆ. ನಮ್ಮ ಅತ್ತೆ ನೀರು ಸೋಸಲಿಕ್ಕೆ ಹಚ್ಚಿದರು. ದಪ್ಪನೆಯ ಅರಿವೆಯನ್ನು ಎರಡು ಮಡಿಕೆ ಮಾಡಿ ಕೊಡದ ಬಾಯಿಗೆ ಹಾಸಬೇಕು, ಹನಿ ಹೊರಗೆ ಚೆಲ್ಲದಂತೆ ಸುರಿಯಬೇಕು. ಇಷ್ಟು ಎಲ್ಲರೂ ಮಾಡುತ್ತಾರೆ. ಕಷ್ಟವಿರುವುದು ಆಮೇಲೆ. ಅರಿವೆಯಲ್ಲಿ ಉಳಿದ ಹುಳಹುಪ್ಪಡಿಗೆ, ಕಣ್ಣಿಗೆ ಕಂಡೂ ಕಾಣದ ಜೀವಗಳಿಗೆ ನಾವು ಜೀವಾಣಿ ಅನ್ನುತ್ತೇವೆ. ಅರಿವೆಯನ್ನು ತಿರುವಿ, ಸೋಸಿದ ನೀರಿನಿಂದಲೇ ತೊಳೆದು, ಆ ಜೀವಾಣಿಯನ್ನು ಯಾವ ನೀರಿನಿಂದ ತಂದೆವೋ ಅದೇ ನೀರಿಗೆ ಮುಟ್ಟಿಸಬೇಕು. ಮೇಲಿನಿಂದ ಸುರಿದರೆ ಏಟಿಗೆ ಸಾಯುತ್ತವೆ. ಅದಕ್ಕೆಂದೇ ತಳಕ್ಕೊಂದು ಕೊಂಡಿಯಿದ್ದ ಸಣ್ಣ ತಾಮ್ರದ ತಂಬಿಗೆಯಿತ್ತು. ಅದನ್ನು ಬಾವಿಗೆ ಇಳಿಬಿಟ್ಟು, ನೀರು ಮುಟ್ಟಿದ ಮೇಲೆ ತಳದ ಕೊಂಡಿಯ ಇನ್ನೊಂದು ಹಗ್ಗ ಎಳೆದರೆ ಮೆಲ್ಲಗೆ ಬೋರಲಾಗುತ್ತಿತ್ತು. ತವರಲ್ಲಿ ಅವ್ವ ಕಲಿಸಿದ್ದರಿಂದ ನಾನು ಪಾಸಾದೆ. ಅತ್ತೆ ಅವತ್ತೇ ಆ ತಂಬಿಗೆಯನ್ನು ನನ್ನ ವಶಕ್ಕೆ ಕೊಟ್ಟರು.

ಹಿತ್ತಲಿನ ಆ ಬಾವಿ ನಮ್ಮ ಮಾವ ತೋಡಿಸಿದ್ದು. ಅವರು ತೀರಿಕೊಂಡ ವರ್ಷ ಅತ್ತೆ ಬಸದಿಯಲ್ಲಿ ನಿಂತು ಒಂದು ವ್ರತ ಹಿಡಿದಿದ್ದರು. ಜೀವ ಇರುವತನಕ ಆ ಬಾವಿಯ ನೀರೊಂದನ್ನೇ, ಮನೆಯಲ್ಲೇ ಸೇದಿ ಸೋಸಿದ್ದನ್ನೇ ಕುಡಿಯುವುದು. ಹೀಗಾಗಿ ಬೀಗರೂರಿಗೆ ಹೋಗುವುದೂ ನಿಂತಿತು. ಲಗ್ನ ಮುಂಜಿ ಏನೇ ಇದ್ದರೂ ಬೆಳಿಗ್ಗೆ ಹೋಗಿ ಬಾಯಾರಿಕೊಂಡೇ ಸಂಜೆಯೊಳಗೆ ತಿರುಗಿ ಬರುತ್ತಿದ್ದರು.

ನಾನು ಬಂದಾಗ ಮುಂದಿನ ಪಡಸಾಲೆಯಲ್ಲಿ ನಾಲ್ಕು ಯಂತ್ರದ ಮಗ್ಗಗಳಿದ್ದವು. ಹಿತ್ತಲಲ್ಲಿ ಮೆಣಸಿನಗಿಡ, ಬಾವಿಯ ಮಗ್ಗುಲಲ್ಲಿ ಒಂದು ನಿಂಬೆಗಿಡ. ಎರಡನೆಯ ಮಹಾಯುದ್ಧ ಸುರುವಾಯಿತು ನೋಡಿ, ಊರಿಗೆ ಹುಚ್ಚು ಹಿಡಿದಂತಾಯಿತು. ಎಷ್ಟು ನೇಯ್ದರೂ ಬಟ್ಟೆ ಸಾಲದು. ನಮ್ಮ ನಾಲ್ಕು ಮಗ್ಗ ಹನ್ನೆರಡಾದವು. ಕಬನೂರ ದಾರಿಯಲ್ಲಿ ಜೋಳ ನಿಲ್ಲುತ್ತಿದ್ದ ಹೊಲಗಳಲ್ಲಿ ತಗಡಿನ ಶೆಡ್ಡುಗಳು ನಿಂತವು. ಎಲ್ಲೆಲ್ಲಿಂದಲೋ ಮಂದಿ ಬಂದರು, ಒಂದೊಂದು ಕೋಣೆಯಲ್ಲಿ ಹತ್ತು ಜನ, ಪಾಳಿ ಮೇಲೆ ಮಲಗುವುದು. ಒಬ್ಬ ಎದ್ದು ಹೋದ ಚಾಪೆ ಆರುವುದರೊಳಗೆ ಇನ್ನೊಬ್ಬ ಬಂದು ಬೀಳುತ್ತಿದ್ದ. ಹುಬ್ಬಿನ ಮೇಲೆಲ್ಲ ಅರಳೆಯ ಧೂಳು, ಮಾತಿಗೊಮ್ಮೆ ಕೆಮ್ಮು. ಮಗ್ಗದ ಸದ್ದಿಗೆ ಮಾಡದೊಳಗಿನ ಪಾತ್ರೆಗಳು ನಡುಗುತ್ತಿದ್ದವು. ನನ್ನ ಮಗಳು ಮಾತು ಕಲಿಯುವ ಮೊದಲು ಕೂಗುವುದನ್ನು ಕಲಿತಳು, ನಮ್ಮ ಮನೆಯಲ್ಲಿ ಕೂಗದಿದ್ದರೆ ಯಾರಿಗೂ ಯಾರ ಮಾತೂ ಕೇಳುತ್ತಿರಲಿಲ್ಲ.

ನನ್ನ ಯಜಮಾನರು ಕೆಟ್ಟವರಲ್ಲ. ಇದನ್ನು ಹೇಳದಿದ್ದರೆ ಅನ್ಯಾಯವಾದೀತು. ಹೊತ್ತು ಮುಳುಗಿದ ಮೇಲೆ ಉಂಡವರಲ್ಲ, ಉಳ್ಳಾಗಡ್ಡಿ ಮುಟ್ಟಿದವರಲ್ಲ. ಮಗ್ಗದ ಕೆಳಗೆ ಇರುವೆ ಸಾಲು ಕಂಡರೆ ಮಗ್ಗ ನಿಲ್ಲಿಸಿ, ಹಿಟ್ಟು ಉದುರಿಸಿ, ಸಾಲನ್ನು ಬೇರೆ ಕಡೆ ತಿರುಗಿಸಿಯೇ ಮುಂದಿನ ಕೆಲಸ. ಆದರೆ ನೇಯ್ದ ಬಟ್ಟೆಯನ್ನು ಬಿಳಿ ಮಾಡಿಸಲು ಮತ್ತೊಬ್ಬರ ಹತ್ತಿರ ಕಾಯುವುದು ಅವರಿಗೆ ಸಾಕಾಗಿತ್ತು. ಕೊಲ್ಹಾಪುರದಿಂದ ಒಬ್ಬ ತಿಳಿದವನನ್ನು ಕರೆಸಿ ಹಿತ್ತಲಲ್ಲಿ ಸಿಮೆಂಟಿನ ತೊಟ್ಟಿ ಕಟ್ಟಿಸಿದರು. ಮೆಣಸಿನಗಿಡ ಹೋದವು. ತೊಟ್ಟಿಗೆ ಸೋಡಾ, ಬಟ್ಟೆ ಬೆಳ್ಳಗೆ ಮಾಡುವ ಪುಡಿ, ಕಡೆಗೆ ತೇಜಾಬು, ಅಂದರೆ ಆಸಿಡ್. ಕಣ್ಣು ಉರಿಯುವಂಥ ನೀರು. ಕೆಲಸ ಮುಗಿದ ಮೇಲೆ ಆ ನೀರನ್ನು ಬಿಡಲಿಕ್ಕೆ ಮಗ್ಗುಲಲ್ಲೇ ಒಂದು ಹೊಂಡ. ಸಂಜೆ ತುಂಬಿದ ಹೊಂಡ ಬೆಳಗಾಗುವುದರಲ್ಲಿ ಬರಿದಾಗಿರುತ್ತಿತ್ತು. ಭೂಮಿತಾಯಿ ಎಷ್ಟು ಹಾಕಿದರೂ ಕುಡಿಯುತ್ತಾಳೆ ಎಂದು ಯಜಮಾನರು ಬಂದವರಿಗೆಲ್ಲ ತೋರಿಸುತ್ತಿದ್ದರು. ಹೊಂಡದಿಂದ ಬಾವಿಗೆ ಐವತ್ತು ಹೆಜ್ಜೆ ಇರಲಿಲ್ಲ.

ಅದೊಂದು ಬೆಳಿಗ್ಗೆ ನೀರು ಸೋಸಿ ಅರಿವೆ ತಿರುವಿದೆ, ಏನೂ ಇರಲಿಲ್ಲ. ಮರುದಿನವೂ ಇಲ್ಲ. ಮಳೆಗಾಲ ಮುಗಿದ ಹೊಸತು, ಹಾಗೆ ನೋಡಿದರೆ ಅರಿವೆ ತುಂಬ ಗಿಜಿಗುಡಬೇಕು. ವಾರವಿಡೀ ನೋಡಿ ಅತ್ತೆಗೆ ಹೇಳಿದೆ. ಅತ್ತೆಯ ಕಣ್ಣಿಗೆ ಆಗಲೇ ಪೊರೆ ಬಂದಿತ್ತು. ಅರಿವೆಯನ್ನು ಬೆಳಕಿಗೆ ಹಿಡಿದರು, ಬೆರಳಿನಿಂದ ಸವರಿದರು.

"ಒಂದೂ ಇಲ್ಲೇನ, ತಂಗೀ?"

ಒಂದೂ ಇಲ್ಲ ಅಂದೆ. ಅತ್ತೆ ಅಲ್ಲೇ ನಿಂತು ಕೈ ಮುಗಿದರು. ಜೀವನವಿಡೀ ಅವರ ಕಾಳಜಿ ಇದ್ದದ್ದು ಒಂದೇ, ತಮ್ಮ ದೆಸೆಯಿಂದ ಯಾವ ಜೀವಕ್ಕೂ ನೋವಾಗಬಾರದು ಎಂಬುದು. ಈಗ ಅವರು ಕುಡಿಯುವ ನೀರಿನಲ್ಲಿ ನೋಯುವ ಜೀವವೇ ಇರಲಿಲ್ಲ. ಇದು ವ್ರತದ ಫಲ ಎಂದು ಅವರಿಗೆ ಅನಿಸಿತು. ನನಗೂ ಅನಿಸಿತು, ಸುಳ್ಳು ಯಾಕೆ ಹೇಳಲಿ. ಬಸದಿಗೆ ಹೋದಾಗ ಅತ್ತೆ ಮೆಲ್ಲಗೆ ಇಬ್ಬರು ಮೂವರಿಗೆ ಹೇಳಿದರು, ಆಮೇಲೆ ಕೇಳಬೇಕೆ? ಹೆಂಗಸರು ಅರಿವೆ ನೋಡಲಿಕ್ಕೆ ಬಂದರು. ಉಪವಾಸ ಬಿಡುವ ದಿನ ನಮ್ಮ ಬಾವಿಯ ನೀರನ್ನೇ ಒಯ್ಯುತ್ತೇವೆ ಅಂದರು. ನಾನು ಸೆರಗು ಸರಿಮಾಡಿಕೊಂಡು ಸೇದಿ ಸೇದಿ ಕೊಟ್ಟೆ. ಅತ್ತೆ ಮಾತ್ರ ತಂಬಿಗೆ ಇಳಿಸುವುದನ್ನು ಬಿಡಗೊಡಲಿಲ್ಲ. ನಮ್ಮ ಕಣ್ಣಿಗೆ ಕಾಣದವೂ ಇರುತ್ತವೆ ಅನ್ನುತ್ತಿದ್ದರು. ಏನೂ ಇಲ್ಲದ ಅರಿವೆಯನ್ನು ತೊಳೆದು ಏನೂ ಇಲ್ಲದ ನೀರನ್ನು ನಾನು ದಿನಾ ಬಾವಿಗೆ ಇಳಿಸುತ್ತಿದ್ದೆ.

ಬಾವಿಯ ಕಪ್ಪೆಗಳ ದನಿ ಯಾವಾಗ ನಿಂತಿತೋ ಗೊತ್ತಿಲ್ಲ, ಮಗ್ಗದ ಸದ್ದಿನಲ್ಲಿ ಯಾರು ಕೇಳಬೇಕು? ನಿಂಬೆಯ ಎಲೆ ಸುರುಳಿಸುತ್ತಿ ಉದುರಿದವು. ಬೇಳೆಗೆ ಒಗರು ಬಂತು. ಅತ್ತೆಯ ಬಾಯಲ್ಲಿ ಹುಣ್ಣಾದವು, ಹೊಟ್ಟೆ ಹಿಡಿದುಕೊಂಡು ಕೂಡತೊಡಗಿದರು. ಎರಡು ವರ್ಷದ ನನ್ನ ಮಗಳು ಕುಡಿದದ್ದನ್ನೆಲ್ಲ ಕಾರಿಕೊಳ್ಳುತ್ತಿದ್ದಳು. ಯಜಮಾನರನ್ನು ಕೇಳಿದರೆ ಬಾವಿಯ ಹೊಸ ರಾಟೆಗೆ ಹಾಕಿದ ಎಣ್ಣೆ ನೀರಿಗೆ ಬಿದ್ದಿರಬೇಕು ಅಂದರು. ನಾನು ರಾಟೆ ಬಿಚ್ಚಿಸಿ ಹುಣಸೆಹಣ್ಣು ಹಾಕಿ ತಿಕ್ಕಿ ತೊಳೆದೆ.

ಹೀಗಿರುವಾಗ ಒಂದು ಮಧ್ಯಾಹ್ನ ಹಿತ್ತಲ ಬಾಗಿಲಿಗೆ ಎತ್ತಿನ ಗಾಡಿ ಬಂದು ನಿಂತಿತು. ಹೊಡೆದುಕೊಂಡು ಬಂದವನು ನಮ್ಮ ತೊಟ್ಟಿಯಲ್ಲೇ ಬಟ್ಟೆ ತುಳಿಯುತ್ತಿದ್ದ ಆಳು. ಅವನ ಕಾಲಬೆರಳ ಸಂದಿಯೆಲ್ಲ ಬೆಳ್ಳಗಾಗಿ ಒಡೆದು ರಕ್ತ ಒಸರುತ್ತಿತ್ತು, ಇನ್ನು ತೊಟ್ಟಿಗೆ ಇಳಿಯಲಾರದ್ದಕ್ಕೆ ಗಾಡಿ ಹೊಡೆಯುವ ಕೆಲಸಕ್ಕೆ ಹಾಕಿದ್ದರು. ಗಾಡಿಯಲ್ಲಿ ಒಂದು ಪೀಪಾಯಿ ನೀರಿತ್ತು.

"ಪಂಚಗಂಗಾದ ನೀರ ಐತ್ರಿ ವೈನಿ. ನಿಮಗ, ಕೂಸಿಗೆ, ದಿನಾ ತಂದ ಹಾಕಂತ ಮಾಲಕರು ಹೇಳ್ಯಾರ. ಆಯಿಗೆ ಗೊತ್ತಾಗಬಾರದಂತ."

ಆಯಿ ಅಂದರೆ ನಮ್ಮ ಅತ್ತೆ. ಯಜಮಾನರಿಗೆ ಎಲ್ಲ ಗೊತ್ತಿದೆ ಎನ್ನುವುದು ನನಗೆ ಗೊತ್ತಾದದ್ದು ಹೀಗೆ. ಅವರು ಊಟಕ್ಕೆ ಬಂದಾಗ ಕೇಳಿಯೇಬಿಟ್ಟೆ.

"ಹಂಗಾರ ಅತ್ಯಾರು ಏನ ಕುಡೀಬೇಕ್ರಿ?"

ಅವರು ತಾಟಿನಿಂದ ಮುಖ ಎತ್ತಲಿಲ್ಲ. "ಅವ್ವ ಬ್ಯಾರೆ ನೀರ ಮುಟ್ಟೂದಿಲ್ಲ. ಈ ಬಾವಿ ಕೆಟ್ಟೈತಿ ಅಂತ ಗೊತ್ತಾದ್ರ ಇದನ್ನೂ ಬಿಡತಾಳ. ಇದೊಂದು ಆರ್ಡರ್ ಮುಗೀಲಿ, ಹೊಂಡ ಮುಚ್ಚಸ್ತೀನಿ."

ಆರ್ಡರ್ ಮುಗಿಯಿತು, ಇನ್ನೊಂದು ಬಂತು. ಹೊಂಡ ಮುಚ್ಚಲಿಲ್ಲ. ಮುಂದೆ ಮುಚ್ಚಿಸಿದ್ದು ಬಾವಿಯನ್ನು, ಅದರ ಮೇಲೆ ಈಗ ಮಗ್ಗಗಳು ನಿಂತಿವೆ.

ಅವರನ್ನು ಬೈದು ನನ್ನ ಮನಸ್ಸು ಹಗುರ ಮಾಡಿಕೊಳ್ಳಬಹುದಿತ್ತು. ಆದರೆ ಅವತ್ತೇ ಆ ಹೊಳೆಯ ನೀರನ್ನು ಗಟಗಟ ಕುಡಿದವಳು ನಾನು. ನಾಲ್ಕು ದಿನದಲ್ಲಿ ಮಗಳ ವಾಂತಿ ನಿಂತಿತು, ಕೆನ್ನೆಗೆ ಬಣ್ಣ ಬಂತು. ಎಷ್ಟು ಹಾಯೆನಿಸಿತೆಂದರೆ, ಒಂದೇ ಒಲೆಯ ಮುಂದೆ ಕೂತು ಅತ್ತೆಗೆ ಒಂದು ಕೊಡದಿಂದ, ನಮಗೆ ಇನ್ನೊಂದು ಕೊಡದಿಂದ ಅಡಿಗೆ ಮಾಡುವುದು ನನಗೆ ಬಹುಬೇಗ ರೂಢಿಯಾಯಿತು. ಹೊಳೆಯ ಕೊಡವನ್ನು ಜೋಳದ ಕಣಜದ ಹಿಂದೆ ಇಡುತ್ತಿದ್ದೆ. ಅತ್ತೆ ಜಪಕ್ಕೆ ಕೂತ ಹೊತ್ತು ನೋಡಿ ಸೋಸುತ್ತಿದ್ದೆ.

ಹೊಳೆಯ ನೀರೆಂದರೆ ಜೀವದ ಸಂತೆ. ಅರಿವೆ ತಿರುವಿದರೆ ಕೆಂಪು ಹುಳ, ಎಳ್ಳಿನಷ್ಟು ಕಪ್ಪು ಚುಕ್ಕೆಗಳು, ಒಮ್ಮೊಮ್ಮೆ ಗಾಜಿನಂಥ ಮೀನಮರಿ. ಅವನ್ನು ಹೊಳೆಗೇ ಮುಟ್ಟಿಸಬೇಕು. ಹೊಳೆ ಹತ್ತಿರವಿಲ್ಲ. ಗಾಡಿಯವನ ಕೈಯಲ್ಲಿ ಕೊಟ್ಟು ಕಳಿಸಬಹುದಿತ್ತು, ಅವನು ಇಲ್ಲ ಅನ್ನುವವನಲ್ಲ. ಆದರೆ ದಾರಿಯಲ್ಲಿ ಯಾರಾದರೂ ನಮ್ಮವರು, ಈ ತಂಬಿಗೆ ಯಾಕೆ ಹೊಳೆಗೆ ಹೊರಟಿತು ಎಂದು ಕೇಳಿದರೆ? ಮಾತು ಬಸದಿ ಮುಟ್ಟಲು ಎಷ್ಟು ಹೊತ್ತು? ಅದಕ್ಕೆ ನಾನು ಅದನ್ನು ನಮ್ಮ ಬಾವಿಗೆ ಇಳಿಸಿದೆ. ಅದೇ ತಾಮ್ರದ ತಂಬಿಗೆ, ಅದೇ ಎರಡು ಹಗ್ಗ, ಏಟು ತಾಗದಂತೆ ಮೆಲ್ಲಗೆ. ಮೊದಲ ದಿನ ಬಗ್ಗಿ ನೋಡಿದೆ. ಮೀನಮರಿಯೊಂದು ಬಿಸಿಲು ಬಿದ್ದ ಕಡೆ ಸ್ವಲ್ಪ ಹೊತ್ತು ಸುತ್ತಿತು, ಆಮೇಲೆ ಹೊಟ್ಟೆ ಮೇಲೆ ಮಾಡಿತು. ಎರಡನೆಯ ದಿನದಿಂದ ನಾನು ಬಗ್ಗಿ ನೋಡಲಿಲ್ಲ. ಒಂದೂವರೆ ವರ್ಷ ಹೀಗೇ ಮಾಡಿದೆ.

ಆ ಒಂದೂವರೆ ವರ್ಷದ ಕೊನೆಗೆ, ಚೈತ್ರದಲ್ಲಿ ಊರಿಗೆ ಒಬ್ಬ ಮುನಿ ಮಹಾರಾಜರು ಬಂದರು. ನಮ್ಮ ಮುನಿಗಳು ದಿನಕ್ಕೆ ಒಂದೇ ಸಲ, ನಿಂತುಕೊಂಡು, ತಮ್ಮ ಬೊಗಸೆಯಲ್ಲಿ ಹಾಕಿದ್ದನ್ನು ಉಣ್ಣುತ್ತಾರೆ, ನೀರೂ ಆಗಲೇ. ಯಾರ ಮನೆಗೆ ಬರುತ್ತಾರೆಂದು ಮೊದಲೇ ಹೇಳುವುದಿಲ್ಲ, ಎಲ್ಲರೂ ಮಡಿಯಲ್ಲಿ ಅಡಿಗೆ ಮಾಡಿ ಬಾಗಿಲಲ್ಲಿ ಕಲಶ ಹಿಡಿದು ಕಾಯಬೇಕು. ಸಾಯುವುದರೊಳಗೆ ಒಮ್ಮೆ ಮಹಾರಾಜರ ಬೊಗಸೆಗೆ ತಮ್ಮ ಬಾವಿಯ ನೀರು ಹಾಕಬೇಕೆಂಬುದು ಅತ್ತೆಯ ಆಸೆಯಾಗಿತ್ತು. ಬಾಯಿಹುಣ್ಣಿನಿಂದ ಅಂಬಲಿ ಬಿಟ್ಟರೆ ಏನೂ ಇಳಿಯದ ಆ ಮುದುಕಿ, ಅವತ್ತು ಒದ್ದೆ ಸೀರೆಯಲ್ಲಿ ತಾವೇ ನೀರು ಸೇದಿದರು.

ನನಗೆ ಏನು ಮಾಡಬೇಕೋ ತಿಳಿಯದಾಯಿತು. ಮಡಿಯಲ್ಲಿ ಸೇದದ ಪೀಪಾಯಿಯ ನೀರು ಮುನಿಗಳ ಆಹಾರಕ್ಕೆ ನಡೆಯುವುದಿಲ್ಲ. ಬಾವಿಯ ನೀರು ಎಂಥದೆಂದು ನನಗೆ ಗೊತ್ತು. ಯಜಮಾನರನ್ನು ಒಳಗೆ ಕರೆದು ಕೇಳಿದೆ. ಎರಡು ಬೊಗಸೆಗೆ ಏನೂ ಆಗುವುದಿಲ್ಲ, ಸುಮ್ಮನಿರು ಅಂದರು. ಆಮೇಲೆ ಹೋಗಿ ಕಲಶ ಹಿಡಿದು ಬಾಗಿಲಲ್ಲಿ ನಿಂತರು. ಇಡೀ ಓಣಿಯಲ್ಲಿ ಅಷ್ಟು ಮನೆ ಇರುವಾಗ ಮಹಾರಾಜರು ನಮ್ಮ ಮನೆಯ ಮುಂದೆಯೇ ನಿಂತರು.

ಬಡಿಸುವ ಮೊದಲು ಮನೆಯವರು ಒಬ್ಬೊಬ್ಬರೂ ಅವರ ಎದುರು, ಎಲ್ಲವೂ ಶುದ್ಧವೆಂದು ಬಾಯಿಬಿಟ್ಟು ಹೇಳಬೇಕು. ನನ್ನ ಸರತಿ ಬಂತು. ಅವತ್ತು ಮಗ್ಗಗಳನ್ನೆಲ್ಲ ನಿಲ್ಲಿಸಿದ್ದರು. ವರ್ಷಗಳ ಮೇಲೆ ಆ ಮನೆ ಸದ್ದಿಲ್ಲದೆ ಇತ್ತು.

"ಮನ ಶುದ್ಧ, ವಚನ ಶುದ್ಧ, ಕಾಯ ಶುದ್ಧ, ಆಹಾರ ಜಲ ಶುದ್ಧ."

ನನ್ನ ದನಿ ಎಲ್ಲರಿಗೂ ಸ್ಪಷ್ಟವಾಗಿ ಕೇಳಿಸಿತು.

ಅತ್ತೆ ಮೊದಲು ನೀರು ಹಾಕಿದರು. ಮಹಾರಾಜರು ಬೊಗಸೆಯನ್ನು ತುಟಿಗೆ ಮುಟ್ಟಿಸಿ ಹಾಗೇ ನಿಂತರು. ಆಮೇಲೆ ಕೈ ಬಿಡಿಸಿದರು. ನೀರೆಲ್ಲ ನೆಲಕ್ಕೆ ಬಿತ್ತು, ಅವರು ಕೂತುಬಿಟ್ಟರು. ಇದಕ್ಕೆ ಅಂತರಾಯ ಅನ್ನುತ್ತಾರೆ. ಆಹಾರದಲ್ಲಿ ಕೂದಲೋ ಸತ್ತ ಜೀವವೋ ಸಿಕ್ಕಿತೆಂದರೆ ಮುಗಿಯಿತು, ಮರುದಿನದ ತನಕ ಅನ್ನವೂ ಇಲ್ಲ ನೀರೂ ಇಲ್ಲ. ಚೈತ್ರದ ಬಿಸಿಲು. ನೆರೆದ ಮಂದಿ ನೆಲದ ಮೇಲೆ ಕೂದಲು ಹುಡುಕಿದರು. ಅತ್ತೆ ತಂಬಿಗೆ ಹಿಡಿದುಕೊಂಡು ನಿಂತೇ ಇದ್ದರು.

ಸಂಜೆ ನನ್ನ ಹೆಗಲು ಹಿಡಿದುಕೊಂಡು ಬಸದಿಗೆ ನಡೆದರು. ಮಹಾರಾಜರ ತುಟಿ ಒಣಗಿತ್ತು. ನನ್ನಿಂದ ಏನು ತಪ್ಪಾಯಿತು ಎಂದು ಅತ್ತೆ ಕೇಳಿದರು. ಮಹಾರಾಜರು, ಅರಿವೆಯಲ್ಲಿ ಜೀವಾಣಿ ಬರುತ್ತದೆಯೇ ಎಂದು ಕೇಳಿದರು. ಅಷ್ಟೆಲ್ಲ ಆದ ಮೇಲೂ ಅತ್ತೆಯ ದನಿಯಲ್ಲಿ ಒಂದಿಷ್ಟು ಹೆಮ್ಮೆಯಿತ್ತು. ಎರಡು ವರ್ಷವಾಯಿತು ಮಹಾರಾಜ, ಒಂದೂ ಕಂಡಿಲ್ಲ ಅಂದರು.

"ಅದು ಶುದ್ಧ ನೀರಲ್ಲವ್ವಾ," ಅಂದರು ಮಹಾರಾಜರು. "ಅದರಾಗ ಜೀವ ಬದುಕಾಕ ಆಗವಲ್ದು. ಅಷ್ಟ."

ಮನೆಗೆ ಬಂದವರೇ ಅತ್ತೆ ಕೋಲೂರಿಕೊಂಡು ತೊಟ್ಟಿಯ ಕಡೆ ಹೋದರು. ಅಲ್ಲಿಗೆ ಅವರು ಅದುವರೆಗೆ ಕಾಲಿಟ್ಟಿರಲಿಲ್ಲ. ಹೊಂಡದ ಅಂಚಿನಲ್ಲಿ ಕೂತು ಕೈ ಅದ್ದಿ ಮೂಸಿದರು. ಅಲ್ಲಿಂದ ಬಾವಿಗೆ ಬಂದು, ಕೊಡದ ನೀರನ್ನೂ ಹಾಗೇ ಮೂಸಿದರು. ಎರಡು ವರ್ಷ ಅದನ್ನೇ ಕುಡಿದು ಮೂಗಿಗೆ ರೂಢಿಯಾಗಿತ್ತೋ ಏನೋ, ಈಗ ಗುರುತು ಸಿಕ್ಕಿತು. ಬಂದವರಿಗೆಲ್ಲ ಹಂಚಿದೆವಲ್ಲ ತಂಗೀ ಅಂದರು, ಅಷ್ಟೇ.

ಅವತ್ತಿನಿಂದ ನೀರು ಬಿಟ್ಟರು. ಈ ಬಾವಿಯದು ಕುಡಿಯುವಂತಿಲ್ಲ, ಬೇರೆಯದಕ್ಕೆ ವ್ರತ ಬಿಡದು. ಯಜಮಾನರು ಅತ್ತೆಯ ಕಾಲು ಹಿಡಿದು ಅತ್ತರು. ತೊಟ್ಟಿ ಒಡೆಸುತ್ತೇನೆ ಅಂದರು. ಬಸದಿಯ ಹಿರಿಯರನ್ನು ಕರೆತಂದರು, ಅವರು ಇಂಥ ಹೊತ್ತಿನಲ್ಲಿ ವ್ರತ ಬದಲಿಸಿಕೊಂಡರೆ ದೋಷವಿಲ್ಲ ಅಂದರು. ಹೊಳೆಯ ನೀರನ್ನು ನಾವು ಒಂದೂವರೆ ವರ್ಷದಿಂದ ಕುಡಿಯುತ್ತಿದ್ದೇವೆ ಅವ್ವಾ, ಒಳ್ಳೆಯ ನೀರು, ಎಂದು ಯಜಮಾನರು ಗುಟ್ಟನ್ನೂ ಹೇಳಿಬಿಟ್ಟರು. ಅತ್ತೆ ಕೇಳಿಸಿಕೊಂಡರು. ಎರಡು ದಿನ ನಾನು ಲೋಟ ಹಿಡಿದು ಬೇಡಿಕೊಂಡೆ. ನಾಲಿಗೆ ಒಣಗಿ ಅವರ ಮಾತು ತೊದಲುತ್ತಿತ್ತು. ಮೂರನೆಯ ದಿನ ಮಧ್ಯಾಹ್ನ ನನ್ನ ತಲೆ ಸವರಿ, ತಾ, ನನ್ನ ಎದುರಿಗೆ ಸೋಸು ಅಂದರು.

ನಾನು ಓಡಿದೆ. ಅಷ್ಟು ಜೋರಾಗಿ ನಾನು ಆ ಮನೆಯಲ್ಲಿ ಎಂದೂ ಓಡಿರಲಿಲ್ಲ. ಗಾಡಿಯವನು ಆಗಷ್ಟೇ ತಂದ ನೀರನ್ನು ಅತ್ತೆಯ ಹಾಸಿಗೆಯ ಮಗ್ಗುಲಲ್ಲೇ ಸೋಸಿದೆ. ಅರಿವೆಯನ್ನು ಅವರ ಬೆರಳಿಗೆ ಮುಟ್ಟಿಸಿದೆ. ಬೆರಳ ತುದಿಯಲ್ಲಿ ಏನೋ ಮಿಸುಕಿತು. ಅತ್ತೆಯ ಮುಖ ಅರಳಿತು.

"ಅದಾವ," ಅಂದರು.

ಲೋಟ ತುಂಬಿ ಕೊಟ್ಟೆ. ಎರಡೂ ಕೈಯಲ್ಲಿ ಹಿಡಿದು ತುಟಿಯ ಹತ್ತಿರ ತಂದರು. ಆಮೇಲೆ, ಯಾವುದೋ ಮನೆಗೆಲಸದ ಮಾತು ಕೇಳುವವರಂತೆ ಕೇಳಿದರು.

"ಒಂದೂವರೆ ವರ್ಷ ಈ ನೀರಿನ ಜೀವಾಣಿ ಎಲ್ಲಿ ಬಿಟ್ಟಿ?"

ಹೊಳೆಗೆ ಅಂದಿದ್ದರೆ ಮುಗಿಯುತ್ತಿತ್ತು. ಒಂದೇ ಮಾತು. ಮೂರು ದಿನದ ಹಿಂದೆ ಇಡೀ ಓಣಿಯ ಎದುರಿಗೆ ಮುನಿಗಳ ಮುಂದೆ ಸುಳ್ಳು ಹೇಳಿದ ಬಾಯಿ ಇದು. ಅವತ್ತು ಸಲೀಸಾಗಿ ಬಂದ ಸುಳ್ಳು ಈಗ ಬರಲಿಲ್ಲ. ಆ ಮುಖ ನೋಡಿ ಇನ್ನು ಮೇಲೆ ಇವರಿಗೆ ಏನೂ ಮುಚ್ಚಿಡಬಾರದು ಅನಿಸಿಬಿಟ್ಟಿತು. ಸುಳ್ಳು ಹೇಳಲೇಬೇಕಾಗಿದ್ದ ಒಂದೇ ಒಂದು ಗಳಿಗೆಯಲ್ಲಿ ನಾನು ಖರೆ ಹೇಳಿದೆ.

"ನಮ್ಮ ಬಾವ್ಯಾಗ, ಅತ್ಯಾ."

ಅತ್ತೆ ಬಯ್ಯಲಿಲ್ಲ. ಲೋಟವನ್ನು ಕೆಳಗಿಟ್ಟರು. ಒಂದು ಹನಿ ಚೆಲ್ಲದಂತೆ ಇಟ್ಟರು. ತಡವರಿಸಿ ಅರಿವೆಯನ್ನು ಹುಡುಕಿ ನನ್ನ ಕೈಗೆ ಕೊಟ್ಟರು.

"ಇವನ್ನರ ಹೊಳಿಗೆ ಮುಟ್ಟಿಸಿ ಬಾ. ಒಣಗೂದ್ರಾಗ ಹೋಗ."

ತಂಬಿಗೆಯಲ್ಲಿ ನೀರು ಹಾಕಿ ಅರಿವೆ ಅದ್ದಿಕೊಂಡು ಹೊರಟೆ. ಚಪ್ಪಲಿ ಇಲ್ಲ, ತಲೆಯ ಮೇಲೆ ಸೆರಗಿಲ್ಲ. ಶೆಡ್ಡುಗಳ ಮುಂದೆ ನಿಂತವರು ನೋಡಿದರು, ನೋಡಲಿ. ಹೊಳೆಯಲ್ಲಿ ಮೊಣಕಾಲಿನ ತನಕ ಇಳಿದು ತಂಬಿಗೆಯನ್ನು ನೀರೊಳಗೆ ಬಗ್ಗಿಸಿದೆ. ಅವು ಹೋದವು. ಆ ಒಂದೂವರೆ ವರ್ಷದಲ್ಲಿ ಹೊಳೆಯ ಜೀವ ಹೊಳೆಗೆ ಮುಟ್ಟಿದ್ದು ಅದೇ ಮೊದಲು. ದಾರಿಯುದ್ದಕ್ಕೂ ಅಂದುಕೊಂಡೆ, ಹೇಳಿದ ಕೆಲಸ ಮಾಡಿ ಬಂದಿದ್ದೇನೆ, ಇನ್ನು ಕುಡಿಯುತ್ತಾರೆ, ನನ್ನ ಮೇಲಿನ ಸಿಟ್ಟು ಇಳಿದಾದರೂ ಕುಡಿಯುತ್ತಾರೆ.

ತಿರುಗಿ ಬಂದಾಗ ಅತ್ತೆ ಗೋಡೆಗೆ ಒರಗಿ ಕಣ್ಣು ಮುಚ್ಚಿ ಜಪಕ್ಕೆ ಕೂತಿದ್ದರು. ಅದಾಗಿ ಎರಡು ದಿನ ಹಾಗೇ ಇದ್ದು ಕೂತಲ್ಲೇ ಜೀವ ಬಿಟ್ಟರು. ಮುಂದಿನ ಪಡಸಾಲೆಯಲ್ಲಿ ಮಗ್ಗಗಳು ನಡೆದಿದ್ದವು. ಲೋಟ ಅವರು ಇಟ್ಟಲ್ಲೇ ಇತ್ತು, ನೀರಿನ ಮೇಲೆ ಅರಳೆಯ ಧೂಳು ಕೂತಿತ್ತು.